ಅನುಗ್ರಹವೂ ಪ್ರತಿಗ್ರಹವೂ

ಸಂಸ್ಕೃತದಲ್ಲಿ ‘ಗ್ರಹ’ ಎಂಬ ಧಾತುವಿಗೆ ಹಿಡಿ, ತೆಗೆದುಕೊ ಎಂದು ಅರ್ಥ. ಅದಕ್ಕೆ ಒಂದೊಂದು ಉಪಸರ್ಗವನ್ನು ಸೇರಿಸಿದರೆ ಒಂದೊಂದು ಹೊಸ ಮಾತು ಹುಟ್ಟುತ್ತದೆ. ನಿಗ್ರಹವೆಂದರೆ ಅಡಗಿಸುವುದು, ಆಗ್ರಹವೆಂದರೆ ಹಟ ಹಿಡಿಯುವುದು, ಪರಿಗ್ರಹವೆಂದರೆ ತನ್ನದೆಂದು ಕೂಡಿಸಿಕೊಳ್ಳುವುದು, ಅನುಗ್ರಹವೆಂದರೆ ದೊಡ್ಡವರು ಚಿಕ್ಕವರ ಕೈಹಿಡಿಯುವುದು, ಪ್ರತಿಗ್ರಹವೆಂದರೆ ಕೊಟ್ಟದ್ದನ್ನು ತೆಗೆದುಕೊಳ್ಳುವುದು. ಮೂವತ್ತಾರು ವರ್ಷಗಳ ಕಾಲ ನಾನು ಹೈಸ್ಕೂಲಿನ ಮಕ್ಕಳಿಗೆ ಈ ಪಟ್ಟಿಯನ್ನು ಕಪ್ಪು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದೆ. ಅನುಗ್ರಹಕ್ಕೂ ಪ್ರತಿಗ್ರಹಕ್ಕೂ ಇರುವ ನಂಟು ವ್ಯಾಕರಣದ್ದಷ್ಟೇ ಎಂದು ಆಗ ತಿಳಿದಿದ್ದೆ. ಅದು ಬಾಳಿನ ನಂಟೂ ಹೌದೆಂದು ನನಗೆ ಮನವರಿಕೆಯಾದದ್ದು, ಪಾಠ ಹೇಳುವ ಕೆಲಸವೆಲ್ಲ ಮುಗಿದು, ಒಂದು ಮಳೆಗಾಲದಲ್ಲಿ ಹಿತ್ತಿಲಿನ ಪಾಚಿಯ ಮೇಲೆ ಕಾಲು ಜಾರಿ ಬಿದ್ದ ಮೇಲೆ.

ನಾನು ಕ್ರೈಸ್ತ ಮನೆತನದಲ್ಲಿ ಹುಟ್ಟಿದವನು. ಕೃಪೆ, ವರಪ್ರಸಾದ ಎಂಬ ಮಾತುಗಳು ಎಳೆತನದಿಂದಲೂ ನನ್ನ ಕಿವಿಯಲ್ಲಿ ಬಿದ್ದಿವೆ. ಮನುಷ್ಯನು ತನ್ನ ಪುಣ್ಯವನ್ನು ತೂಗಿ ಕೊಟ್ಟು ದೇವರಿಂದ ಮುಕ್ತಿಯನ್ನು ಕೊಂಡುಕೊಳ್ಳಲಾರನು, ಅದು ಅವನಿಗೆ ಬಿಟ್ಟಿಯಾಗಿ ದೊರೆಯತಕ್ಕದ್ದು ಎಂಬುದು ನಮ್ಮ ಮತದ ಮೂಲಸೂತ್ರ. ಕೂಲಿಯವನಿಗೆ ಬರುವ ಸಂಬಳವು ಸಲ್ಲಬೇಕಾದ ಬಾಕಿಯೇ ಹೊರತು ಕೃಪೆಯಲ್ಲವೆಂದು ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ವಾದಿಸುತ್ತಾನೆ. ಇವೆಲ್ಲವೂ ನನಗೆ ಕಂಠಪಾಠವಾಗಿದ್ದುವು. ಆದರೆ ಬಾಯಲ್ಲಿ ಒಪ್ಪಿದ್ದನ್ನು ನಡತೆಯಲ್ಲಿ ನಿತ್ಯವೂ ಅಲ್ಲಗಳೆಯುತ್ತ ಬಾಳಬಹುದೆಂಬುದಕ್ಕೆ ನಾನೇ ಸಾಕ್ಷಿ.

ನಮ್ಮ ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆದುಕೊಳ್ಳುವ ಪದ್ಧತಿಯನ್ನು ವಾಚಕರು ಬಲ್ಲರು. ಚಪ್ಪರದ ಒಂದು ಮೂಲೆಯಲ್ಲಿ ಮನೆಯವರೊಬ್ಬರು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಕೊಟ್ಟರೆಂದು ಬರೆಯುತ್ತಾರೆ. ಮುಂದೆ ಆ ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ಪುಸ್ತಕವನ್ನು ತೆಗೆದು ನೋಡಿ, ಅಷ್ಟಕ್ಕೆ ಕಡಮೆಯಾಗದಂತೆ ಹಿಂದಿರುಗಿಸುವುದು ಮರ್ಯಾದೆ. ಎಷ್ಟೋ ಬಡವರ ಮನೆಯ ಮದುವೆ ಈ ಪದ್ಧತಿಯಿಂದಲೇ ಸಾಗಿಹೋಗುವುದರಿಂದ ಅದನ್ನು ನಾನು ಹಳಿಯಲಾರೆ. ನನ್ನ ದೋಷವೇನೆಂದರೆ, ಇಡೀ ಬಾಳಿಗೇ ಒಂದು ಮುಯ್ಯಿಯ ಪುಸ್ತಕವನ್ನು ಮನಸ್ಸಿನೊಳಗೆ ಇಟ್ಟುಕೊಂಡಿದ್ದೆ. ನೆರೆಮನೆಯವರು ಒಂದು ಹಲಸಿನ ಹಣ್ಣು ಕಳುಹಿಸಿದರೆ ವಾರ ಕಳೆಯುವುದರೊಳಗೆ ನಮ್ಮ ಮನೆಯಿಂದ ಒಂದು ಬಾಳೆಯ ಗೊನೆ ಹೋಗಲೇಬೇಕು. ಯಾರಾದರೂ ಮನೆಗೆ ಕರೆದು ಊಟ ಹಾಕಿದರೆ, ಮುಂದಿನ ಭಾನುವಾರ ಅವರಿಗೆ ನಮ್ಮಲ್ಲಿ ಊಟ. “ನನಗೆ ಯಾರ ಹಂಗೂ ಇಲ್ಲ” ಎಂದು ಹೇಳಿಕೊಳ್ಳುವುದು ನನ್ನ ದೊಡ್ಡ ಹೆಮ್ಮೆಯಾಗಿತ್ತು. ಕನ್ನಡದಲ್ಲಿ ಉಪಕಾರವನ್ನು ಹಿಂದಿರುಗಿಸುವುದಕ್ಕೂ ಹಗೆಯನ್ನು ಸಾಧಿಸುವುದಕ್ಕೂ ಮುಯ್ಯಿ ತೀರಿಸುವುದೆಂಬ ಒಂದೇ ಮಾತು ಇರುವುದೇಕೆಂದು ನಾನು ಆಗ ಯೋಚಿಸಿರಲಿಲ್ಲ. ಉಪಕಾರವನ್ನು ಅವಸರದಿಂದ ತೀರಿಸುವವನ ಮನಸ್ಸಿನಲ್ಲಿಯೂ ಒಂದು ಬಗೆಯ ಹಗೆ ಇರುತ್ತದೆ. ಕೊಟ್ಟವನು ತನಗಿಂತ ಒಂದು ಮೆಟ್ಟಿಲು ಮೇಲೆ ನಿಂತನಲ್ಲಾ ಎಂಬುದನ್ನು ಅವನು ಸಹಿಸಲಾರ.

ಇದರಿಂದ ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ. ನನಗೆ ಒಬ್ಬನೇ ತಮ್ಮ. ತಂದೆಯವರು ಬೇಗನೆ ತೀರಿಕೊಂಡುದರಿಂದ ಅವನ ಓದಿನ ಖರ್ಚು ನನ್ನ ಪಾಲಿಗೆ ಬಂತು. ಅವನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ನೆಲೆಯಾದ. 2014ರಲ್ಲಿ ನನ್ನ ಮಗಳ ಮದುವೆ ಗೊತ್ತಾದಾಗ, ನಾನು ಕೇಳುವುದಕ್ಕೆ ಮೊದಲೇ ಅವನು 50,000 ರೂಪಾಯಿಗಳನ್ನು ತಂದು ನನ್ನ ಮುಂದಿಟ್ಟ. ಕೈಯಲ್ಲಿ ಬೇರೆ ಹಣವಿಲ್ಲದೆ ಇದ್ದುದರಿಂದ ತೆಗೆದುಕೊಂಡೆ. ಆದರೆ ಆ ದಿನದಿಂದ ಅದು ನನ್ನ ಎದೆಯ ಮೇಲೆ ಕಲ್ಲಿನಂತೆ ಕುಳಿತಿತು. ಒಂದೂವರೆ ವರ್ಷ ಹೊಟ್ಟೆಬಟ್ಟೆ ಕಟ್ಟಿ ಹಣ ಕೂಡಿಸಿ, ಬ್ಯಾಂಕಿನ ದರದಂತೆ ಬಡ್ಡಿಯನ್ನೂ ಲೆಕ್ಕ ಹಾಕಿ, ಬೆಂಗಳೂರಿಗೆ ಹೋಗಿ ಅವನ ಕೈಗೆ ಚೆಕ್ಕನ್ನು ಕೊಟ್ಟೆ. ಅವನು ಬಹಳ ಹೊತ್ತು ಅದನ್ನೇ ನೋಡಿದ. “ಅಣ್ಣಾ, ಬಡ್ಡಿಯನ್ನೂ ಹಾಕಿದ್ದೀಯಾ?” ಎಂದ. ಆಮೇಲೆ ಮೆಲ್ಲಗೆ, “ನೀನು ನನ್ನನ್ನು ಓದಿಸಿದಾಗ ನಾನು ತೆಗೆದುಕೊಂಡೆ. ನನಗೂ ಒಂದು ಸಾರಿ ಕೊಡಲಿಕ್ಕೆ ಬಿಡಬಾರದಾಗಿತ್ತೆ?” ಎಂದ. ನಾನು ಏನನ್ನೂ ಹೇಳದೆ ಕಾಫಿ ಕುಡಿದು ಎದ್ದು ಬಂದೆ. ಸಾಲ ತೀರಿತೆಂಬ ನೆಮ್ಮದಿಯಲ್ಲಿ ಬಸ್ಸಿನಲ್ಲಿ ನಿದ್ದೆ ಮಾಡಿದೆನೆಂದರೆ ನನ್ನ ಅವಸ್ಥೆಯನ್ನು ಊಹಿಸಿಕೊಳ್ಳಬಹುದು. 2021ರಲ್ಲಿ ತಮ್ಮ ತೀರಿಕೊಂಡ. ಅವನ ಪ್ರಶ್ನೆಗೆ ನಾನು ಉತ್ತರ ಕೊಡಲೇ ಇಲ್ಲ.

ಹಾಗೆಂದು ಪಡೆಯುವುದು ಹೇಗೆಂದು ನನಗೆ ತೋರಿಸಿಕೊಟ್ಟವರು ಇರಲಿಲ್ಲವೆಂದಲ್ಲ. ನನಗೆ ಸಂಸ್ಕೃತವನ್ನು ಹೇಳಿಕೊಟ್ಟವರು ನಮ್ಮೂರಿನ ಅಗ್ರಹಾರದ ಒಬ್ಬ ಶಾಸ್ತ್ರಿಗಳು. ಶಬ್ದಮಂಜರಿಯಿಂದ ಮೊದಲುಮಾಡಿ ಅಮರಕೋಶ, ರಘುವಂಶಗಳವರೆಗೆ ಐದು ವರ್ಷ, ಸಂಜೆಯ ಹೊತ್ತು ತಮ್ಮ ಮನೆಯ ಜಗಲಿಯ ಮೇಲೆ ಕೂರಿಸಿಕೊಂಡು ಪಾಠ ಹೇಳಿದರು. ಕ್ರೈಸ್ತರ ಹುಡುಗನಿಗೆ ಇದೆಲ್ಲ ಏಕೆಂದು ಕೇಳಿದವರಿಗೆ ಅವರು ಉತ್ತರವನ್ನೇ ಕೊಡುತ್ತಿರಲಿಲ್ಲ. ಒಂದು ಕಾಸನ್ನೂ ಮುಟ್ಟಲಿಲ್ಲ. ಆದರೆ ನನ್ನ ತಾಯಿ ಹಿತ್ತಿಲಿನಲ್ಲಿ ಬೆಳೆದ ಅವರೆಕಾಯಿಯನ್ನು ಕಳುಹಿಸಿದರೆ ಶಾಸ್ತ್ರಿಗಳ ಮನೆಯಾಕೆ ಸೆರಗೊಡ್ಡಿ, ಪ್ರಸಾದವನ್ನು ತೆಗೆದುಕೊಳ್ಳುವಂತೆ ತೆಗೆದುಕೊಳ್ಳುತ್ತಿದ್ದರು. ನನಗೆ ಕೆಲಸವಾಗಿ ಮೊದಲ ಸಂಬಳ ಬಂದಾಗ ಒಂದು ಜೊತೆ ಪಂಚೆಯನ್ನು ಕೊಂಡು ಗುರುಗಳ ಬಳಿಗೆ ಹೋದೆ. ಬೇಡವೆನ್ನುವರೆಂದು ಅಂಜಿದ್ದೆ. ಅವರು ಎರಡು ಕೈಗಳಿಂದ ಅದನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಒಳಗೆ ಹೋಗಿ ಉಟ್ಟುಕೊಂಡೇ ಬಂದರು. “ಕೊಟ್ಟದ್ದನ್ನು ಬೇಡವೆಂದರೆ ಕೊಟ್ಟವನ ಕೈಯನ್ನು ಹಿಂದಕ್ಕೆ ನೂಕಿದ ಹಾಗೆ ಆಗುತ್ತದಪ್ಪ” ಎಂದರು. ಪ್ರತಿಗ್ರಹದಲ್ಲಿ ಆಸಕ್ತಿಯಿಟ್ಟರೆ ತೇಜಸ್ಸು ಕುಂದುವುದೆಂದು ಮನುಸ್ಮೃತಿಯು ಎಚ್ಚರಿಸಿರುವುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರು. ಆಸೆಪಟ್ಟು ಕೈನೀಡುವುದು ಬೇರೆ, ಪ್ರೀತಿಯಿಂದ ಬಂದದ್ದಕ್ಕೆ ಕೈನೀಡುವುದು ಬೇರೆ ಎಂಬ ವಿವೇಕ ಅವರಿಗಿತ್ತು. ನಾನು ಅವರಿಂದ ರಘುವಂಶವನ್ನು ಕಲಿತೆ, ಇದನ್ನು ಕಲಿಯಲಿಲ್ಲ.

2024ರಲ್ಲಿ ನಾನು ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಹಳೆಯ ವಿದ್ಯಾರ್ಥಿಗಳು ಸಾಲಾಗಿ ಬಂದು ಪಾದ ಮುಟ್ಟಿ ನಮಸ್ಕಾರ ಮಾಡಿದರು. ಅದನ್ನೆಲ್ಲ ಸ್ವೀಕರಿಸುವುದಕ್ಕೆ ನನಗೆ ಏನೂ ಸಂಕೋಚವಾಗಲಿಲ್ಲ. ಅದೇ ವರ್ಷದ ಆಷಾಢದಲ್ಲಿ ಹಿತ್ತಿಲಿನಲ್ಲಿ ಜಾರಿ ಬಿದ್ದು ಎಡಗಾಲಿನ ಮೂಳೆ ಮುರಿಯಿತು. ಮಗಳು ದೂರದ ಊರಿನಲ್ಲಿ. ಮನೆಯಾಕೆಗೆ ಮಂಡಿನೋವು, ಕೆಳಗೆ ಕುಳಿತರೆ ಏಳಲಾರಳು. ನಾನು ಕೂಗಿದುದನ್ನು ಕೇಳಿ ಓಡಿಬಂದು, ಎತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದವನು, ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ಆಟೋ ನಡೆಸುವ ಒಬ್ಬ. ಅವನೂ ನನ್ನ ಹಳೆಯ ವಿದ್ಯಾರ್ಥಿಯೇ. ಆದರೆ ಬೀಳ್ಕೊಡುಗೆಯ ದಿನ ನಮಸ್ಕಾರ ಮಾಡಿದವರ ಸಾಲಿನಲ್ಲಿ ಅವನು ಇರಲಿಲ್ಲ. ಅದಕ್ಕೆ ಕಾರಣವಿತ್ತು. ಬಹಳ ವರ್ಷಗಳ ಹಿಂದೆ, ಗಣಿತದ ಉಪಾಧ್ಯಾಯರು ರಜೆಯ ಮೇಲಿದ್ದಾಗ ಅವರ ತರಗತಿಯನ್ನು ನಾನು ತೆಗೆದುಕೊಂಡಿದ್ದೆ. ಬಡ್ಡಿಯ ಲೆಕ್ಕವೊಂದನ್ನು ಮಾಡಲಾರದೆ ಹಲಗೆಯ ಮುಂದೆ ನಿಂತ ಈ ಹುಡುಗನಿಗೆ, “ಈ ತಲೆಗೆ ಲೆಕ್ಕ ಹತ್ತುವ ಹಾಗಿಲ್ಲ, ಕುಳಿತುಕೊ” ಎಂದು ಎಲ್ಲರ ಎದುರಿಗೆ ಹೇಳಿದ್ದೆ. ತರಗತಿ ನಕ್ಕಿತು. ಮರುವರ್ಷ ಅವನು ಶಾಲೆಯನ್ನು ಬಿಟ್ಟ. ನನ್ನ ಮಾತಿಗೇ ಬಿಟ್ಟನೋ, ಮನೆಯ ಕಷ್ಟಕ್ಕೆ ಬಿಟ್ಟನೋ, ನಾನು ವಿಚಾರಿಸಲಿಲ್ಲ.

ಆಸ್ಪತ್ರೆಗೆ ಹೋಗಿ ಬರುವುದು ಎಂಟು ವಾರ ನಡೆಯಿತು. ಪ್ರತಿಸಲವೂ ಅವನೇ ಬಂದು ತೋಳು ಕೊಟ್ಟು ಕೂರಿಸಿಕೊಂಡು ಹೋಗುವನು. ಬಾಡಿಗೆ ಎಷ್ಟೆಂದು ಕೇಳಿದರೆ ನಕ್ಕು ಸುಮ್ಮನಾಗುವನು. ನಾನು ನೋಟನ್ನು ಬಲವಂತವಾಗಿ ಅವನ ಜೇಬಿನಲ್ಲಿ ತುರುಕಿದರೆ, ಹೋಗುವಾಗ ಅದನ್ನು ಕಿಟಕಿಯ ಬಳಿ ಇಟ್ಟು ಹೋಗಿರುವನು. ನನಗೆ ಸಿಟ್ಟು ಬರುತ್ತಿತ್ತು. ಇವನು ನನ್ನ ಮೇಲೆ ಉಪಕಾರವನ್ನು ಹೇರುತ್ತಿದ್ದಾನೆ, ಹಳೆಯ ಅವಮಾನಕ್ಕೆ ಹೀಗೆ ಮುಯ್ಯಿ ತೀರಿಸಿಕೊಳ್ಳುತ್ತಿದ್ದಾನೆ ಎಂದು ಕೂಡ ಒಂದು ದಿನ ನನ್ನ ಮನೆಯವಳೊಡನೆ ಅಂದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ, “ನೀವು ಕೊಟ್ಟಾಗ ಜನ ಸಂತೋಷವಾಗಿ ತೆಗೆದುಕೊಳ್ಳಬೇಕು. ಜನ ಕೊಟ್ಟಾಗ ನಿಮಗೆ ಮಾತ್ರ ಮೈಯೆಲ್ಲ ಮುಳ್ಳು. ಇದು ಯಾವ ನ್ಯಾಯ?” ಎಂದಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಪ್ಲಾಸ್ಟರನ್ನು ಬಿಚ್ಚಿದ ದಿನ ಮನೆಗೆ ಬಂದೆವು. ಎರಡು ತಿಂಗಳು ಗಾಳಿ ನೀರು ಕಾಣದಿದ್ದ ಕಾಲು ಸೊರಗಿಹೋಗಿತ್ತು, ಚರ್ಮ ಹೊಟ್ಟಿನಂತೆ ಏಳುತ್ತಿತ್ತು, ವಾಸನೆಯೂ ಇತ್ತು. ಬಿಸಿನೀರಿನಲ್ಲಿ ನೆನೆಸಿ ಮೆಲ್ಲಗೆ ತೊಳೆಯಬೇಕೆಂದು ವೈದ್ಯರು ಹೇಳಿದ್ದರು. ನಾನು ಬಗ್ಗಲಾರೆ, ಮನೆಯಾಕೆ ಕೆಳಗೆ ಕೂರಲಾರಳು. ಅವನು ತಾನಾಗಿ ಒಳಗೆ ಹೋಗಿ ಹಂಡೆಯಿಂದ ನೀರನ್ನು ಮೊಗೆದು ಬೋಗುಣಿಯಲ್ಲಿ ತಂದಿಟ್ಟು, ಪ್ಯಾಂಟನ್ನು ಮಡಿಸಿಕೊಂಡು ನನ್ನ ಮುಂದೆ ಕುಳಿತ. “ಬೇಡ, ಬೇಡವೇ ಬೇಡ” ಎಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ; ನೋವಿಗೆ ಪ್ರಾಣ ಹೋದಂತಾಯಿತು. “ನಿನಗೆ ನಾನು ಏನು ಮಾಡಿದ್ದೇನೆಂದು ಇದೆಲ್ಲ ಮಾಡುತ್ತೀಯೆ? ನಿನ್ನ ಲೆಕ್ಕವನ್ನು ನಾನು ಎಂದಿಗೆ ತೀರಿಸಲಿ?” ಎಂದೆ. ಅವನು ನೀರಿನ ಬಿಸಿಯನ್ನು ಕೈಯಲ್ಲಿ ನೋಡುತ್ತ, “ನನಗೆ ಲೆಕ್ಕ ಬರೋದಿಲ್ಲ ಅಂತ ನೀವೇ ಹೇಳಿದ್ದಿರಲ್ಲ ಮೇಷ್ಟ್ರೇ” ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ನಗುತ್ತಲೇ ಹೇಳಿದ. ಹೇಳಿ, ನನ್ನ ಕಾಲನ್ನು ಎತ್ತಿ ನೀರಿನಲ್ಲಿ ಇಟ್ಟುಕೊಂಡ. ಹಸುಗೂಸಿಗೆ ಎರೆಯುವವರಂತೆ, ಸತ್ತ ಚರ್ಮವನ್ನು ಬೆರಳಿನಿಂದ ಮೆಲ್ಲಮೆಲ್ಲನೆ ಬಿಡಿಸುತ್ತ ತೊಳೆದ. ನಾನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ಕುಳಿತೆ. ಕಣ್ಣೀರು ಬಂದುದು ನೋವಿಗೆ ಎಂದು ಅವನು ತಿಳಿದುಕೊಂಡಿರಬೇಕು.

ಆ ರಾತ್ರಿ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ತೆಗೆದು ಓದಿದೆ. ಯೇಸುಸ್ವಾಮಿ ಮರಣಕ್ಕೆ ಒಪ್ಪಿಸಲ್ಪಡುವ ಹಿಂದಿನ ರಾತ್ರಿ, ಊಟದಿಂದ ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಾಕಿಕೊಂಡು ಶಿಷ್ಯರ ಪಾದಗಳನ್ನು ತೊಳೆದ ಪ್ರಸಂಗವದು. ನಮ್ಮ ದೇಶದಲ್ಲಿ ಶಿಷ್ಯನು ಗುರುವಿನ ಪಾದವನ್ನು ತೊಳೆಯುವುದು ಸಂಪ್ರದಾಯ. ವೀರಶೈವರ ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಇಲ್ಲಿ ಅದು ತಲೆಕೆಳಗಾಗಿದೆ. ಆದುದರಿಂದ ಪೇತ್ರನು ಹೌಹಾರಿ, ತನ್ನ ಕಾಲನ್ನು ಎಂದಿಗೂ ತೊಳೆಯಗೊಡೆನೆಂದು ಹಟ ಹಿಡಿದದ್ದು ನಮ್ಮ ಜನಕ್ಕೆ ತಟ್ಟನೆ ಅರ್ಥವಾಗುತ್ತದೆ. ಅದು ಭಕ್ತಿಯಂತೆಯೇ, ವಿನಯದಂತೆಯೇ ಕಾಣುತ್ತದೆ. ಆದರೆ ಗುರುವು ಅದನ್ನು ವಿನಯವೆಂದು ಹೊಗಳಲಿಲ್ಲ. ತೊಳೆಸಿಕೊಳ್ಳದಿದ್ದರೆ ತನ್ನೊಡನೆ ನಿನಗೆ ಪಾಲಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿಬಿಟ್ಟನು. ಪೇತ್ರನಿಗೆ ಬಂದದ್ದು ಅಂಥ ದೊಡ್ಡ ಗಂಡಾಂತರ. ಗುರುವಿಗಾಗಿ ಪ್ರಾಣವನ್ನು ಕೊಡುತ್ತೇನೆಂದು ಅದೇ ರಾತ್ರಿ ಹೇಳಿದವನು ಅವನು. ಪ್ರಾಣವನ್ನು ಕೊಡಲು ಮುಂದಾದವನಿಗೆ ಒಂದು ಪಾದವನ್ನು ಚಾಚುವುದು ಕಷ್ಟವಾಯಿತು.

ಈ ಅಧ್ಯಾಯವನ್ನು ನಾನು ನೂರು ಸಲ ಓದಿದ್ದೆ. ಓದಿದಾಗಲೆಲ್ಲ ನನ್ನನ್ನು ಬೋಗುಣಿ ಹಿಡಿದವನ ಸ್ಥಾನದಲ್ಲಿ ಇಟ್ಟುಕೊಂಡು, ನಾನೂ ಹೀಗೆ ಸೇವೆ ಮಾಡಬೇಕೆಂದು ಪಾಠವನ್ನು ತೆಗೆಯುತ್ತಿದ್ದೆ. ಆ ಪಾಠವೂ ಅಲ್ಲಿ ಇರುವುದು ನಿಜ. ನೀವೂ ಹೀಗೆ ಒಬ್ಬರಿಗೊಬ್ಬರು ಮಾಡಿರೆಂದು ಸ್ವಾಮಿಯೇ ಹೇಳಿದ್ದಾನೆ. ಆದರೆ ಒಬ್ಬರಿಗೊಬ್ಬರು ಎಂದ ಮೇಲೆ ತೊಳೆಯುವವನಿದ್ದಂತೆ ತೊಳೆಸಿಕೊಳ್ಳುವವನೂ ಇರಬೇಕಷ್ಟೆ. ಎಲ್ಲರೂ ಬೋಗುಣಿಯನ್ನೇ ಹಿಡಿದು ನಿಂತರೆ ಕಾಲು ಚಾಚುವವರು ಯಾರು? ಬೀಳ್ಕೊಡುಗೆಯ ದಿನ ನೂರು ಜನ ನನ್ನ ಪಾದ ಮುಟ್ಟಿದಾಗ ನಾನು ಹಿಂದೆಗೆಯಲಿಲ್ಲ. ಒಬ್ಬನು ಅದನ್ನು ತೊಳೆಯಲು ಬಂದಾಗ ಹಿಂದೆಗೆದೆ. ಪಾದ ಮುಟ್ಟಿದ್ದು ಗೌರವ, ಅದು ನನಗೆ ಸಲ್ಲತಕ್ಕದ್ದೆಂದು ನಾನು ತಿಳಿದಿದ್ದೆ. ಪಾದ ತೊಳೆದದ್ದು ದಯೆ, ಅದರಲ್ಲಿ ನನ್ನ ಹಕ್ಕೇನೂ ಇರಲಿಲ್ಲ. ಅಹಂಕಾರವು ಎಷ್ಟು ಗೌರವವನ್ನಾದರೂ ನುಂಗಬಲ್ಲದು. ಒಂದು ತುತ್ತು ದಯೆ ಮಾತ್ರ ಅದರ ಗಂಟಲಲ್ಲಿ ಇಳಿಯುವುದಿಲ್ಲ.

ಹಳೆಯ ಒಡಂಬಡಿಕೆಯ ಅರಸುಗಳ ಚರಿತ್ರೆಯಲ್ಲಿ ನಾಮಾನನೆಂಬ ಸೇನಾಪತಿಯ ಕಥೆಯಿದೆ. ಸಿರಿಯಾ ದೇಶದ ಶೂರ, ಆದರೆ ಕುಷ್ಠರೋಗಿ. ಅವನ ಮನೆಯಲ್ಲಿ ಸೆರೆಯಾಳಾಗಿದ್ದ ಇಸ್ರಾಯೇಲಿನ ಒಬ್ಬ ಹುಡುಗಿಯ ಮಾತನ್ನು ಕೇಳಿ, ಪ್ರವಾದಿಯಾದ ಎಲೀಷನ ಬಳಿಗೆ ಹೊರಟ. ಹೊರಡುವಾಗ ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಚಿನ್ನದ ತುಂಡು, ಹತ್ತು ಜೊತೆ ಉಡುಪುಗಳನ್ನು ಹೇರಿಕೊಂಡು ಹೋದ. ಪ್ರವಾದಿ ಮನೆಯಿಂದ ಹೊರಕ್ಕೂ ಬರದೆ, ಯೊರ್ದಾನ್ ಹೊಳೆಯಲ್ಲಿ ಏಳು ಸಾರಿ ಮುಳುಗಬೇಕೆಂದು ಹೇಳಿ ಕಳುಹಿಸಿದ. ನಾಮಾನನು ಕೋಪದಿಂದ ಹಿಂದಿರುಗಿದ. ದಮಸ್ಕದ ಹೊಳೆಗಳಿಗಿಂತ ಈ ಹೊಳೆಯಲ್ಲಿ ಹೆಚ್ಚೇನಿದೆ ಎಂದ. ಏನಾದರೂ ಕಠಿನವಾದ ಕಾರ್ಯವನ್ನು ವಿಧಿಸಿದ್ದರೆ ಮಾಡುತ್ತಿರಲಿಲ್ಲವೆ ಎಂದು ಅವನ ಆಳುಗಳು ಬುದ್ಧಿ ಹೇಳಬೇಕಾಯಿತು. ಕಡೆಗೆ ಮುಳುಗಿ ಎದ್ದ; ಮೈ ಎಳೆಯ ಮಗುವಿನ ಮೈಯಂತಾಯಿತು. ಹೇರಿಕೊಂಡು ಬಂದದ್ದನ್ನು ಕೊಡಹೋದರೆ ಎಲೀಷನು ಒಂದನ್ನೂ ತೆಗೆದುಕೊಳ್ಳಲಿಲ್ಲ. ಬೆಲೆ ಕೊಡಲು ಸಿದ್ಧನಾಗಿ ಬಂದವನಿಗೆ ಬಿಟ್ಟಿಯಾಗಿ ಸಿಕ್ಕುವುದೇ ಅವಮಾನವಾಗಿ ತೋರುತ್ತದೆ. ನನ್ನ ಚೆಕ್ಕೂ ನಾಮಾನನ ಬೆಳ್ಳಿಬಂಗಾರಗಳೂ ಒಂದೇ ಬಗೆಯವು ಎಂದು ಆ ರಾತ್ರಿ ನನಗೆ ಅನ್ನಿಸಿತು.

ಇನ್ನೂ ಒಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಕೊಡುವುದಕ್ಕಾಗಿಯೇ ಬಂದವನೆಂದು ನಾವು ನಂಬಿರುವ ಯೇಸುಸ್ವಾಮಿ ತನ್ನ ಬಾಳಿನಲ್ಲಿ ಎಷ್ಟನ್ನು ಇತರರಿಂದ ಪಡೆದನೆಂದು ಸುವಾರ್ತೆಗಳನ್ನು ತಿರುವಿ ನೋಡಿದೆ. ಬಾವಿಯ ಬಳಿ ಬಂದ ಸಮಾರ್ಯದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳಿದ. ಅವನೊಡನೆ ಸಂಚರಿಸುತ್ತಿದ್ದ ಕೆಲವು ಮಂದಿ ಸ್ತ್ರೀಯರು ತಮ್ಮ ಆಸ್ತಿಯಿಂದ ಅವನನ್ನೂ ಶಿಷ್ಯರನ್ನೂ ಪೋಷಿಸುತ್ತಿದ್ದರೆಂದು ಲೂಕನು ಬರೆದಿದ್ದಾನೆ. ಬೇಥಾನ್ಯದಲ್ಲಿ ಒಬ್ಬಾಕೆ ಬೆಲೆಯುಳ್ಳ ತೈಲವನ್ನು ಸುರಿದಾಗ, ಇದು ದುಂದೆಂದು ಗೊಣಗಿದವರನ್ನು ಸುಮ್ಮನಿರಿಸಿ ಆಕೆಯ ಸೇವೆಯನ್ನು ಸ್ವೀಕರಿಸಿದ. ಪಟ್ಟಣವನ್ನು ಪ್ರವೇಶಿಸಿದ್ದು ಪರರ ಕತ್ತೆಯ ಮೇಲೆ. ಮಲಗಿಸಿದ್ದು ಪರರ ಸಮಾಧಿಯಲ್ಲಿ. ಸಂತ ಪೌಲನಾದರೂ, ಕೊರಿಂಥದಲ್ಲಿ ಗುಡಾರ ಹೊಲಿಯುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡವನು, ಫಿಲಿಪ್ಪಿಯವರು ಕಳುಹಿಸಿದ ನೆರವನ್ನು ಸಂತೋಷದಿಂದ ಪಡೆದು ಅವರಿಗೆ ಪತ್ರ ಬರೆದ. ದುಡಿಯುವ ಶಕ್ತಿಯಿರುವಾಗ ದುಡಿಯಬೇಕು. ದುಡಿಯಲೊಲ್ಲದವನು ಉಣ್ಣಲೂ ಬಾರದೆಂಬುದು ಆ ಪೌಲನದೇ ಕಟ್ಟಳೆ. ಪಡೆಯುವ ವಿನಯವೆಂದರೆ ಸೋಮಾರಿಯ ತಿರುಪೆಯಲ್ಲ. ಲಂಚವನ್ನೂ ಹೊರೆಯ ಕಾಣಿಕೆಯನ್ನೂ ನಿರಾಕರಿಸುವುದು ಧರ್ಮವೇ. ನಾನು ಹೇಳುವುದು ಪ್ರೀತಿಯಿಂದ, ಪ್ರತಿಫಲದ ಆಸೆಯಿಲ್ಲದೆ ಬಂದದ್ದರ ವಿಷಯ.

ಕ್ರೈಸ್ತರಲ್ಲಿ ಈ ತರ್ಕ ಹಳೆಯದು. ಐದನೆಯ ಶತಮಾನದ ಆರಂಭದಲ್ಲಿ ಪೆಲಾಗಿಯಸನೆಂಬವನು, ಮನುಷ್ಯನು ತನ್ನ ಸ್ವಂತ ಸಂಕಲ್ಪದ ಬಲದಿಂದಲೇ ಧರ್ಮಿಷ್ಠನಾಗಬಲ್ಲನೆಂದು ಬೋಧಿಸಿದ. ಅವನು ದುಷ್ಟನಲ್ಲ, ಕಟ್ಟುನಿಟ್ಟಾದ ನಡತೆಯುಳ್ಳವನು. ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ಪನಾಗಿದ್ದ ಸಂತ ಅಗಸ್ಟೀನನು ಅವನನ್ನು ಎದುರಿಸಿ, ಒಳ್ಳೆಯದನ್ನು ಬಯಸುವ ಮನಸ್ಸು ಕೂಡ ದೇವರ ಕೊಡುಗೆಯೆಂದು ಸಾಧಿಸಿದ. 418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಸಭೆ ಪೆಲಾಗಿಯಸನ ಮತವನ್ನು ತಳ್ಳಿಹಾಕಿತು. ನಮ್ಮಂಥ ಮರ್ಯಾದಸ್ಥರಾದ ಗೃಹಸ್ಥರು ಬಾಯಲ್ಲಿ ಅಗಸ್ಟೀನನ ಕಡೆಯವರು, ಬಾಳಿನಲ್ಲಿ ಪೆಲಾಗಿಯಸನ ಕಡೆಯವರು. ಇವರೆಲ್ಲರ ಪಾಂಡಿತ್ಯವಿಲ್ಲದೆ ಇದನ್ನು ಅರಿತವಳು ಫ್ರಾನ್ಸಿನ ಲಿಸಿಯೂ ಎಂಬ ಊರಿನ ಕಾರ್ಮೆಲ್ ಮಠದ ಸಂತ ತೆರೇಸಾ. ಹುಟ್ಟಿದ್ದು 1873ರಲ್ಲಿ, ಕ್ಷಯದಿಂದ ತೀರಿಕೊಂಡದ್ದು 1897ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. 1895ರಲ್ಲಿ ಆಕೆ ಬರೆದ ಆತ್ಮಸಮರ್ಪಣೆಯ ಪ್ರಾರ್ಥನೆಯಲ್ಲಿ, ಬಾಳಿನ ಸಂಜೆಯಲ್ಲಿ ತಾನು ಬರಿಗೈಯಿಂದಲೇ ದೇವರ ಮುಂದೆ ನಿಲ್ಲುವೆನು, ತನ್ನ ಸತ್ಕರ್ಮಗಳನ್ನು ಎಣಿಸಬೇಕೆಂದು ಬೇಡುವುದಿಲ್ಲ ಎಂಬ ಭಾವವಿದೆ. ತುಂಬಿದ ಕೈಯಲ್ಲಿ ಯಾರು ಏನನ್ನು ಇಡಬಲ್ಲರು? ಬರಿಗೈಯಾದರೆ ಪ್ರಸಾದಕ್ಕೆ ಎಡೆಯುಂಟು. ಪ್ರಸಾದವೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ತಿಳಿಯಾಗುವುದೆಂದೂ ಅರ್ಥವಿದೆ. ಕದಡಿದ ನೀರು ಅಲುಗಾಡದೆ ನಿಂತರೆ ತಿಳಿಯಾಗುವಂತೆ, ತೀರಿಸಬೇಕೆಂಬ ತಳಮಳ ನಿಂತಾಗ ಪಡೆದದ್ದರ ಸವಿ ತಿಳಿಯುತ್ತದೆ.

ಹಾಗಾದರೆ ಪಡೆದವನು ಮಾಡಬೇಕಾದದ್ದೇನೂ ಇಲ್ಲವೆ? ಇದೆ. ಅದನ್ನು ಕೃತಜ್ಞತೆ ಎನ್ನುತ್ತಾರೆ. ಕೃತಜ್ಞನೆಂದರೆ ಮಾಡಿದ್ದನ್ನು ಅರಿತವನು ಎಂದು ಅರ್ಥ. ತೀರಿಸಿದವನು ಎಂಬ ಅರ್ಥ ಆ ಶಬ್ದದಲ್ಲಿ ಎಲ್ಲಿಯೂ ಇಲ್ಲ. ಕೃತಘ್ನನೆಂದರೆ ಮಾಡಿದ್ದನ್ನು ಕೊಂದವನು. ಉಪಕಾರವನ್ನು ಮರೆತವನು ಅದನ್ನು ಕೊಲ್ಲುತ್ತಾನೆ. ನನ್ನ ಹಾಗೆ ಬಡ್ಡಿ ಸಮೇತ ತೀರಿಸಿದವನೂ ಕೊಲ್ಲುತ್ತಾನೆ. ತಮ್ಮನು ತಂದದ್ದು ಪ್ರೀತಿ. ನಾನು ಅದನ್ನು ಸಾಲವಾಗಿ ಮಾರ್ಪಡಿಸಿ ಹಿಂದಿರುಗಿಸಿದೆ. ಗ್ರೀಕ್ ಭಾಷೆಯಲ್ಲಿ ಕೃಪೆಗೂ ಕೃತಜ್ಞತೆಗೂ ‘ಖಾರಿಸ್’ ಎಂಬ ಒಂದೇ ಶಬ್ದ ಸಲ್ಲುತ್ತದೆ. ಕೊಡುವವನ ಕಡೆಯಿಂದ ನೋಡಿದರೆ ಕೃಪೆ. ಪಡೆಯುವವನ ಕಡೆಯಿಂದ ನೋಡಿದರೆ ಕೃತಜ್ಞತೆ. ಅನುಗ್ರಹ ಪ್ರತಿಗ್ರಹಗಳೂ ಹೀಗೆಯೇ ಎಂದು ಈ ವಯಸ್ಸಿನಲ್ಲಿ ತಿಳಿದೆ.

ಪವಿತ್ರ ಗುರುವಾರದ ಸಂಜೆ ನಮ್ಮ ದೇವಾಲಯಗಳಲ್ಲಿ ಗುರುಗಳು ಹನ್ನೆರಡು ಮಂದಿಯ ಪಾದಗಳನ್ನು ತೊಳೆಯುವ ವಿಧಿಯುಂಟು. 2013ರ ಮಾರ್ಚ್ 28ರಂದು, ಪೋಪ್ ಪದವಿಗೆ ಬಂದು ಇನ್ನೂ ಹದಿನೈದು ದಿನವಾಗಿದ್ದ ಫ್ರಾನ್ಸಿಸರು, ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಅಲ್ಲಿನ ಹನ್ನೆರಡು ಮಂದಿಯ ಪಾದಗಳನ್ನು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸಲ್ಮಾನರೂ ಇದ್ದರು. ಅದುವರೆಗೆ ಗಂಡಸರಿಗೆ ಮಾತ್ರ ಮೀಸಲಾಗಿದ್ದ ಈ ವಿಧಿಯನ್ನು 2016ರಲ್ಲಿ ಸ್ತ್ರೀಯರಿಗೂ ತೆರೆದರು. ಜಗತ್ತೆಲ್ಲ ತೊಳೆದವರ ವಿನಯವನ್ನು ಕೊಂಡಾಡಿತು. ಕ್ಷಮೆಗೆ ತಮಗೇನು ಅರ್ಹತೆಯಿದೆ ಎಂದು ಕೇಳಿಕೊಳ್ಳುತ್ತಲೇ ಕಾಲು ಚಾಚಿದ್ದಿರಬಹುದಾದ ಆ ಎಳೆಯರ ಧೈರ್ಯವನ್ನು ನೆನೆದವರು ಕಡಮೆ. ನಮ್ಮ ಊರಿನ ಗುರುಗಳು ನನ್ನನ್ನು ಆ ಹನ್ನೆರಡು ಮಂದಿಯಲ್ಲಿ ಒಬ್ಬನಾಗಿ ಕೂರಬೇಕೆಂದು ಎಷ್ಟೋ ವರ್ಷ ಕೇಳಿದ್ದರು. “ನಾನು ಯೋಗ್ಯನಲ್ಲ” ಎಂದು ಹೇಳಿ ಪ್ರತಿವರ್ಷವೂ ತಪ್ಪಿಸಿಕೊಂಡಿದ್ದೆ. ಅದನ್ನು ಜನ ವಿನಯವೆಂದರು. ನಾನೂ ಹಾಗೆಂದೇ ನಂಬಿದ್ದೆ. 2025ರ ಏಪ್ರಿಲ್ 17ರಂದು, ಊರುಗೋಲನ್ನು ಹಿಡಿದು ಹೋಗಿ ಕುಳಿತೆ. ಯೋಗ್ಯನಲ್ಲ ಎಂಬುದೇ ಅಲ್ಲಿ ಕುಳಿತುಕೊಳ್ಳುವುದಕ್ಕೆ ಬೇಕಾದ ಯೋಗ್ಯತೆಯೆಂದು ಅಷ್ಟರಲ್ಲಿ ಕಲಿತಿದ್ದೆ. ಆಟೋದಲ್ಲಿ ಕರೆದುಕೊಂಡು ಹೋದವನು ಅವನೇ. ಬಾಡಿಗೆ ಎಷ್ಟೆಂದು ಕೇಳಲಿಲ್ಲ. “ನಿನ್ನಿಂದ ಬಹಳ ಉಪಕಾರವಾಯಿತಪ್ಪ. ಆ ದಿನ ಎಲ್ಲರ ಮುಂದೆ ನಾನು ಹಾಗೆ ಅನ್ನಬಾರದಾಗಿತ್ತು” ಎಂದೆ. “ಇರಲಿ ಬಿಡಿ ಮೇಷ್ಟ್ರೇ” ಎಂದು ತೋಳು ಕೊಟ್ಟು ಇಳಿಸಿದ. ಅದನ್ನೂ ಸುಮ್ಮನೆ ಪಡೆದುಕೊಂಡೆ.

ತಮ್ಮನಿಗೆ ಕೊಡಬೇಕಾಗಿದ್ದ ಉತ್ತರ ಹಾಗೆಯೇ ಉಳಿದಿದೆ. 2024ರ ಕ್ರಿಸ್ಮಸ್ಸಿಗೆ ಅವನ ಹೆಂಡತಿ ತಾನೇ ಹೆಣೆದ ಒಂದು ಸ್ವೆಟರನ್ನು ಬೆಂಗಳೂರಿನಿಂದ ಕಳುಹಿಸಿದಳು. ಹಿಂದಿನ ನಾನಾಗಿದ್ದರೆ ಅದೇ ವಾರ ಅದರ ಎರಡರಷ್ಟು ಬೆಲೆಯ ಸೀರೆಯನ್ನು ಕಳುಹಿಸಿ ನಿಟ್ಟುಸಿರು ಬಿಡುತ್ತಿದ್ದೆ. ಈ ಸಲ ಅದನ್ನು ತೊಟ್ಟುಕೊಂಡು ಕುಳಿತು ಒಂದು ಕಾಗದ ಬರೆದೆ: “ಅಮ್ಮಾ, ನೀನು ಕಳುಹಿಸಿದ್ದು ಬಂದು ಸೇರಿತು. ಮೈಗೆ ಸರಿಯಾಗಿದೆ, ಬೆಚ್ಚಗಿದೆ. ತಮ್ಮನು ಒಂದು ಸಲ ಪ್ರೀತಿಯಿಂದ ತಂದದ್ದನ್ನು ನಾನು ಹಿಂದಕ್ಕೆ ಕೊಟ್ಟೆ, ಅದು ತಪ್ಪಾಯಿತು. ಇದನ್ನು ಇಟ್ಟುಕೊಳ್ಳುತ್ತೇನೆ.” ಮತ್ತೇನನ್ನೂ ಕಳುಹಿಸಲಿಲ್ಲ. ಪ್ರತಿಯಾಗಿ ಏನನ್ನಾದರೂ ಕಳುಹಿಸಬೇಕೆಂದು ಕೈ ತುಡಿಯಿತು, ತಡೆದುಕೊಂಡೆ. ಈ ವಿದ್ಯೆಯಲ್ಲಿ ನಾನಿನ್ನೂ ಮೊದಲನೆಯ ತರಗತಿಯವನು.